ಆವೃತ್ತಿ: ಅಚ್ಚುಮನೆಯಿಂದ ಫೋನಿನವರೆಗೆ

ಆವೃತ್ತಿ (ನಾಮಪದ)

ಫೋನು ಆಗಾಗ ‘ಹೊಸ ಆವೃತ್ತಿ ಲಭ್ಯ’ ಎನ್ನುತ್ತದೆ. ಪದ ಮಾತ್ರ ಹಳೆಯದು. ಸಂಸ್ಕೃತದ ‘ವೃತ್’ ಎಂದರೆ ತಿರುಗು. ‘ಆ’ ಸೇರಿದರೆ ಮರಳಿ ಬರುವುದು. ತಾಳದ ಆವರ್ತವೂ ಇದೇ ಮನೆಯದು. ಲ್ಯಾಟಿನ್ನಿನ ‘ವರ್ತೆರೆ’ಗೂ ಮೂಲ ಒಂದೇ, ಇಂಗ್ಲಿಷಿನ ‘ವರ್ಶನ್’ ಅಲ್ಲಿಂದ ಬಂದದ್ದು. ಮರಾಠಿಯಲ್ಲಿ ಆವೃತ್ತಿ ಪುಸ್ತಕಕ್ಕೆ, ಹಿಂದಿಯಲ್ಲಿ ರೇಡಿಯೋ ತರಂಗದ ಕಂಪನಾಂಕಕ್ಕೆ. ಸುತ್ತುವರಿದ ಎಂಬರ್ಥದ ‘ಆವೃತ’ದ ಧಾತುವೇ ಬೇರೆ.

ಪುಸ್ತಕ ತಿದ್ದಿ ಅಚ್ಚಾದರೆ ಹೊಸ ಆವೃತ್ತಿ; ತಿದ್ದದೆ ಮತ್ತೆ ಅಚ್ಚಾದದ್ದು ಮರುಮುದ್ರಣ. ಅದನ್ನೂ ‘ಎರಡನೇ ಆವೃತ್ತಿ’ ಎನ್ನುವುದು ಪ್ರಕಾಶಕರ ವ್ಯಾಪಾರ, ಅಷ್ಟೆ.

ತಂತ್ರಾಂಶದಲ್ಲಿ ಈ ಸಡಿಲಿಕೆ ನಡೆಯದು. ಯಾವ ಸಾಲನ್ನು ಯಾರು, ಯಾವಾಗ ತಿದ್ದಿದರೆಂಬ ಲೆಕ್ಕವಿಡಲು ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಚ್‌ಕೈಂಡ್ 1972ರಲ್ಲಿ ಎಸ್‌ಸಿಸಿಎಸ್ ಎಂಬ ತಂತ್ರಾಂಶ ರೂಪಿಸಿದರು. 2005ರಲ್ಲಿ ಬಂದ ಲಿನಸ್ ಟೋರ್ವಾಲ್ಡ್ಸ್ ಅವರ ಗಿಟ್, ಕೆಲಸಗಾರರೆಲ್ಲರ ಕಂಪ್ಯೂಟರಿಗೂ ಪೂರ್ತಿ ಚರಿತ್ರೆಯನ್ನೇ ಇಳಿಸಿತು.

ಹೊಸಪೇಟೆ, ಗಾದಿಗನೂರು ಕಡೆಯ ಡಿಟಿಪಿ ಕೆಲಸದಲ್ಲಿ ಈ ಲೆಕ್ಕ ಕಡತದ ಹೆಸರಿನಲ್ಲೇ ಇರುತ್ತದೆ: ‘ಲಗ್ನಪತ್ರಿಕೆ ಫೈನಲ್’, ‘ಫೈನಲ್ 2’, ‘ಕೊನೇ ಫೈನಲ್’! ಇನ್ನೂ ತೊಡಕಿನದು ಲಿಪಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಬರಹ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸಿದರೂ (ಇಲ್ಲೂ ಅದೇ ‘ವೃತ್’) ಅರ್ಕಾವತ್ತು, ಒತ್ತಕ್ಷರಗಳು ಕೆಲವೊಮ್ಮೆ ಜಾಗ ತಪ್ಪುತ್ತವೆ. ಹಾಗೆ ಬದಲಾದದ್ದು ಹಳೆಯ ಕಡತದ ಪ್ರತಿಯೋ, ಹೊಸ ಆವೃತ್ತಿಯೋ? ಬಲ್ಲವರು ಮೂಲವನ್ನು ಅಳಿಸದೆ ಎರಡಕ್ಕೂ ತಾರೀಖು ಹಾಕಿಡುತ್ತಾರೆ.