ಒಂದೇ ಮನೆಯ ವಿಳಾಸ

2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪ್ಲೆಸಂಟನ್ ಊರಿನ ಟ್ರೈ-ವ್ಯಾಲಿ ವಿಶ್ವವಿದ್ಯಾಲಯಕ್ಕೆ ಬೀಗ ಬಿತ್ತು. ಅದರ ಬಿಸಿ ತಟ್ಟಿದ್ದು ದೆಹಲಿಯ ಸೌತ್ ಬ್ಲಾಕ್‌ಗೆ. ಅಲ್ಲಿದ್ದ ಸುಮಾರು 1,500 ವಿದ್ಯಾರ್ಥಿಗಳಲ್ಲಿ ಬಹುಪಾಲು ಭಾರತೀಯರು, ಅದರಲ್ಲೂ ಆಂಧ್ರದವರು. ಕೆಲವರ ಕಾಲಿಗೆ ಅಮೆರಿಕದ ಅಧಿಕಾರಿಗಳು ರೇಡಿಯೊ ಪಟ್ಟಿ ಕಟ್ಟಿದ್ದರು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಮದ್ದೂರು ಸೀಮೆಯ ಎಸ್.ಎಂ. ಕೃಷ್ಣ, ಅವರೂ ಒಂದು ಕಾಲಕ್ಕೆ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಓದಿದವರೇ. ಪಟ್ಟಿ ಬಿಚ್ಚಬೇಕೆಂದು ದೆಹಲಿ ಪ್ರತಿಭಟಿಸಿತು.

ಪತ್ರಿಕೆಗಳಲ್ಲಿ ಪಟ್ಟಿಯದೇ ಮಾತು. ಆದರೆ ಪ್ರಕರಣದ ಗಂಟು ಇದ್ದದ್ದು ವಿಳಾಸದಲ್ಲಿ. ತರಗತಿ ಹೆಸರಿಗೆ ಆನ್‌ಲೈನ್. ವಿದ್ಯಾರ್ಥಿಗಳು ಬೇರೆ ಬೇರೆ ರಾಜ್ಯಗಳಲ್ಲಿ ಚದುರಿದ್ದರು, ಹಲವರು ದುಡಿಯುತ್ತಲೂ ಇದ್ದರು. ಸರ್ಕಾರಿ ದಾಖಲೆಯಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಮಂದಿ ಸನ್ನಿವೇಲ್‌ನ ಒಂದೇ ಅಪಾರ್ಟ್‌ಮೆಂಟ್ ಮನೆಯಲ್ಲಿ ವಾಸವಾಗಿದ್ದರು!

ಆ ದಾಖಲೆಯ ಹೆಸರು ಸೆವಿಸ್. 1993ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಬಾಂಬಿಟ್ಟವರಲ್ಲಿ ಒಬ್ಬ ವಿದ್ಯಾರ್ಥಿ ವೀಸಾದಲ್ಲಿ ಬಂದಿದ್ದ. 1996ರಲ್ಲಿ ಕಾನೂನಾಯಿತು, 2001ರ ದಾಳಿಯ ನಂತರ ಅದಕ್ಕೆ ವೇಗ ಬಂತು, 2003ರಲ್ಲಿ ಸೆವಿಸ್ ಕಡ್ಡಾಯವಾಯಿತು. ಮನೆ ಬದಲಿಸಿದರೆ ವಿದ್ಯಾರ್ಥಿ 10 ದಿನದೊಳಗೆ ಕಾಲೇಜಿಗೆ ತಿಳಿಸಬೇಕು, ಕಾಲೇಜು ಅದನ್ನು ದಾಖಲಿಸಬೇಕು. ಭಯದಿಂದ ಹುಟ್ಟಿದ ನಿಯಮ, ಓದಲು ಹೋದವರ ದಿನಚರಿಯೊಳಗೆ ಸೇರಿಕೊಂಡಿತು.

ಟ್ರೈ-ವ್ಯಾಲಿಯ ಸ್ಥಾಪಕಿ ಸೂಸನ್ ಸು ಅವರಿಗೆ 2014ರಲ್ಲಿ 16 ವರ್ಷಕ್ಕೂ ಹೆಚ್ಚಿನ ಸೆರೆಯಾಯಿತು. ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಬೇರೆ ಕಾಲೇಜು ಸೇರಲು ಅವಕಾಶ ಸಿಕ್ಕಿತು, ಉಳಿದವರ ಪೈಕಿ ಹಲವರು ಊರಿಗೆ ಮರಳಿದರು. ಮೋಸ ಹೋದವರು ಯಾರು, ತಿಳಿದೇ ಸೇರಿದವರು ಯಾರು ಎಂದು ಬೇರ್ಪಡಿಸುವುದು ಸುಲಭವಿರಲಿಲ್ಲ.

ಮುಂದೆ ಕೊರೊನಾ ಬಂತು. ಕಾಲೇಜು, ಕಚೇರಿ ಎರಡೂ ಮನೆಗೇ ಬಂದವು. ಪೂರ್ತಿ ಆನ್‌ಲೈನ್ ಓದುವವರು ಅಮೆರಿಕ ಬಿಡಬೇಕೆಂದು 2020ರ ಜುಲೈ 6ರಂದು ಆದೇಶ ಹೊರಟಿತು. ಹಾರ್ವರ್ಡ್, ಎಂಐಟಿ ಕೋರ್ಟಿಗೆ ಹೋದವು. 14ರಂದು ಆದೇಶ ವಾಪಸಾಯಿತು. ವಿಳಾಸದ ನಿಯಮ ಮಾತ್ರ ಕದಲಲಿಲ್ಲ.

ಇಂದು ಓದು ಮುಗಿಸಿ ಓಪಿಟಿಯಲ್ಲಿ ಮನೆಯಿಂದಲೇ ದುಡಿಯುವ ಹುಡುಗಿಗೆ ಊರು ಬದಲಿಸುವುದೆಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಡುವಷ್ಟು ಹಗುರ. ಕಾನೂನಿಗೆ ಅದು ಅಷ್ಟು ಹಗುರವಲ್ಲ. ಮಗಳಿಗೆ ಫೋನ್ ಮಾಡಿದಾಗ 'ಊಟ ಆಯ್ತಾ' ಎಂದ ಮೇಲೆ 'ಹೊಸ ಮನೆ ವಿಳಾಸ ಕಾಲೇಜಿಗೆ ಕೊಟ್ಟೆಯಾ' ಎಂದೂ ಕೇಳಿ.