ಅಳತೆಯ ಕಪ್ಪು ಮತ್ತು ಚಮಚ
ಅಡುಗೆ ಪದಾರ್ಥಗಳನ್ನು ತೂಗದೆ ಗಾತ್ರದಿಂದ ಅಳೆಯುವ ಸಾಧನಗಳು. ಕರ್ನಾಟಕದ ಮನೆಗಳಲ್ಲಿ ಅಕ್ಕಿ, ಬೇಳೆಗೆ ಸೇರು, ಪಾವುಗಳಿದ್ದವು. ಪಾವು ಇಂದಿಗೂ ಎಷ್ಟೋ ಅಕ್ಕಿ ಡಬ್ಬಿಗಳಲ್ಲಿದೆ. ಕಪ್ಪನ್ನು ತುಂಬಿ, ಅಂಚಿನ ಮಟ್ಟಕ್ಕೆ ಸವರಿ ಅಳೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಫ್ಯಾನಿ ಫಾರ್ಮರ್. ಬಾಸ್ಟನ್ ಅಡುಗೆ ಶಾಲೆಯ ಹೆಸರಿನ ಅವರ ಪುಸ್ತಕ 1896ರಲ್ಲಿ ಪ್ರಕಟವಾಯಿತು.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಮಿಲಿಲೀಟರ್ ಗುರುತು. ಕಪ್ಪು ಎಲ್ಲ ದೇಶಗಳಲ್ಲೂ ಒಂದೇ ಅಲ್ಲ: ಅಮೆರಿಕದ್ದು ಸುಮಾರು 237 ಮಿ.ಲೀ., ಆಸ್ಟ್ರೇಲಿಯದ್ದು 250, ಜಪಾನಿನದು 200. ರೈಸ್ ಕುಕ್ಕರ್ ಜೊತೆ ಬರುವುದು ಸಾಮಾನ್ಯವಾಗಿ 180. ಟೀ ಚಮಚ 5 ಮಿ.ಲೀ., ಟೇಬಲ್ ಚಮಚ 15. ಆಸ್ಟ್ರೇಲಿಯದಲ್ಲಿ ಇದು 20. ಸಾರು, ಪಲ್ಯಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಕೇಕಿಗೆ ಹಾಕುವ ಅಡುಗೆ ಸೋಡಾದಲ್ಲಿ ಅರ್ಧ ಚಮಚ ಹೆಚ್ಚಾದರೂ ಬಾಯಿಗೆ ಗೊತ್ತಾಗುತ್ತದೆ.

ಸ್ಟೀಲಿನದೇ ಮೇಲು. ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿದ ಅಂಕಿ ಉಜ್ಜಿ ಉಜ್ಜಿ ಅಳಿಸಿಹೋಗುತ್ತದೆ. ಕೆತ್ತಿದ ಅಂಕಿ ಉಳಿಯುತ್ತದೆ. ದುಂಡು ಚಮಚಕ್ಕಿಂತ ಉದ್ದನೆಯ ಕಿರಿದಾದ ಚಮಚ ಮಸಾಲೆ ಡಬ್ಬಿಯ ಬಾಯಲ್ಲಿ ಸಲೀಸಾಗಿ ಇಳಿಯುತ್ತದೆ. ಅಳತೆ ಸರಿಯಿದೆಯೇ ಎಂದು ನೋಡಲು ಕಪ್ಪಿನ ತುಂಬ ನೀರನ್ನು ಅಡುಗೆ ತಕ್ಕಡಿಯಲ್ಲಿ ತೂಗಬಹುದು: 240 ಮಿ.ಲೀ. ನೀರು ಹೆಚ್ಚುಕಡಿಮೆ 240 ಗ್ರಾಂ. ಮೈದಾ ಹಾಗಲ್ಲ. ಚಮಚದಿಂದ ಹಗುರವಾಗಿ ತುಂಬಿದರೆ ಒಂದು ಕಪ್ಪಿಗೆ ಸುಮಾರು 125 ಗ್ರಾಂ. ಕಪ್ಪನ್ನೇ ಹಿಟ್ಟಿಗೆ ಅದ್ದಿ ತೆಗೆದರೆ 140 ಗ್ರಾಂ ದಾಟುವುದುಂಟು. ಹಾಲು, ಎಣ್ಣೆಗೆ ಮೂತಿಯಿರುವ ಪಾರದರ್ಶಕ ಕಪ್ಪು ಬೇರೆಯೇ ಬೇಕು. ಅದನ್ನು ಕಟ್ಟೆಯ ಮೇಲಿಟ್ಟು, ಬಗ್ಗಿ ಕಣ್ಣಿನ ಮಟ್ಟದಲ್ಲಿ ನೋಡಬೇಕು.