ರುಕ್ಮಿಣಿನ್ನ ಕೇಳ್ರಿ

ಮೊನ್ನೆ ರಾತ್ರಿ ನಿದ್ದೆ ಬಾರದೆ 1953ರ ಹಾಲಿವುಡ್ ಸಿನೆಮಾ ‘ಕಿಸ್ ಮಿ ಕೇಟ್’ ಹಾಕಿಕೊಂಡು ಕೂತಿದ್ದೆ. ನಾಟಕದವರ ಕಥೆ. ಹಾಡು, ಕುಣಿತ, ನಗು. ಪರದೆ ಹಿಂದೆ ನಾಯಕ ನಾಯಕಿ ಆಡಿದ ಜಗಳ ಸೀದಾ ರಂಗದ ಮೇಲಿನ ಶೇಕ್ಸ್‌ಪಿಯರನ ನಾಟಕದೊಳಗೇ ನುಗ್ಗಿಬಿಡುತ್ತೆ. ಅರೆ, ಇದನ್ನ ನಮ್ಮ ಸುರೇಬಾನದಾಗ ಚಿಕ್ಕಂದಿನಲ್ಲೇ ನೋಡೀನಲ್ಲ ಅನ್ನಿಸಿತು!

ನಾನು ನೋಡಿದ್ದು ಶ್ರೀಕೃಷ್ಣ ಪಾರಿಜಾತ. ದಕ್ಷಿಣದ ಗೆಳೆಯರಿಗಾಗಿ ಎರಡು ಮಾತು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡ್ತಾನೆ, ಸತ್ಯಭಾಮೆ ಸಿಟ್ಟಾಗ್ತಾಳೆ. ಕಥೆ ಇಷ್ಟೇ, ಆಟ ಮಾತ್ರ ಬೆಳತನಕ. ಅಪರಾಳ ತಮ್ಮಣ್ಣ ಮೊದಲು ಬರೆದದ್ದನ್ನು 19ನೇ ಶತಮಾನದಲ್ಲಿ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ ಅಂತಾರೆ. ಗೋಕಾಕ ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಪಕ್ಕದ ರಾಮದುರ್ಗ 1948ರವರೆಗೂ ಭಾವೆ ಮನೆತನದ ಸಂಸ್ಥಾನ. ಹಾರ್ಮೋನಿಯಂ, ತಬಲಾ, ತಾಳ ಹೊತ್ತ ಮೇಳಗಳಿಗೆ ಆ ಗಡಿ ಅಡ್ಡ ಬರಲಿಲ್ಲ. ಅದೇ ಕನ್ನಡ, ಅದೇ ಜೋಳದ ರೊಟ್ಟಿ!

ಇದನ್ನು ಭಕ್ತಿಯ ಆಟ ಅಂತ ಬರೆಯೋರು ಬಹಳ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಊರೂರು ತಿರುಗಿ ಅದು ಉಳಿದದ್ದು ನಗುವಿನಿಂದ. ಭಾಗವತನೇ ಇಲ್ಲಿ ದೂತಿ. ಮೀಸೆ ಹೊತ್ತ ಗಂಡಸು ಸತ್ಯಭಾಮೆಗೆ ಗೆಳತಿ! ಸಾಕ್ಷಾತ್ ಕೃಷ್ಣ ಬಂದು ನಿಂತರೂ ‘ಯಾರಪಾ ನೀ? ಯಾವೂರು?’ ಅಂತ ವಿಚಾರಿಸ್ತಾನೆ. ಆ ಹೊತ್ತಿನ ಊರ ಸುದ್ದಿಯೆಲ್ಲ ಅವನ ಬಾಯಲ್ಲಿ. ನಡುವೆ ದೇವರ ಜೊತೆ ವಾದಕ್ಕಿಳಿಯೋ ಗೊಲ್ಲತಿ, ಕಣಿ ಹೇಳೋ ಕೊರವಂಜಿ.

ಇನ್ನು ಕೌಜಲಗಿ ನಿಂಗಮ್ಮ. ಹೆಣ್ಣು ವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ಆಟದಲ್ಲಿ ಸತ್ಯಭಾಮೆಯಾಗಿ ಹೆಸರು ಮಾಡಿದ ಹೆಣ್ಣು ಮಗಳು. ಗಂಡನನ್ನು ಊರ ಮುಂದೆ ನಿಲ್ಲಿಸಿ ಹೆಣ್ಣೊಬ್ಬಳು ತನ್ನ ದನಿಯಲ್ಲೇ ಬಯ್ಯೋದು ಅಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಕೂತು ಕೇಳುತ್ತಿದ್ದ ಹೆಂಗಸರಿಗೆ ಏನನ್ನಿಸಿತೋ, ಯಾರೂ ಬರೆದಿಡಲಿಲ್ಲ.

ಕೆಲವು ವರ್ಷದ ಹಿಂದೆ ಬೆಂಗಳೂರಿನ ಸಭಾಂಗಣವೊಂದರಲ್ಲಿ ಒಂದೂವರೆ ತಾಸಿನ ಪಾರಿಜಾತ ನೋಡಿದೆ. ಹಾಡು ಚೆನ್ನಾಗಿತ್ತು. ಗೊಲ್ಲತಿ ಇರಲಿಲ್ಲ, ಕೊರವಂಜಿ ಇರಲಿಲ್ಲ, ದೂತಿ ಬಾಯಿಪಾಠ ಒಪ್ಪಿಸಿದ. ಯಾರೂ ನಗಲಿಲ್ಲ, ಕೊನೆಗೆ ಚಪ್ಪಾಳೆ ಮಾತ್ರ ಜೋರು. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಯಾಕೆಂದರೆ ನನಗೆ ನೆನಪಿರೋದು ನಮ್ಮಾಯಿ. ಅಜ್ಜನಿಗೆ ಎದುರು ಮಾತಾಡಿದ್ದು ನಾನು ಕಂಡಿದ್ದಿಲ್ಲ. ಊರಲ್ಲಿ ಆಟ ಆದ ರಾತ್ರಿ, ಸತ್ಯಭಾಮೆ ಕೃಷ್ಣನ ಚಳಿ ಬಿಡಿಸುವಾಗ, ಬಾಯಿಗೆ ಸೆರಗು ಒತ್ತಿಕೊಂಡು ಮೈಯೆಲ್ಲ ಕುಲುಕಿಸಿ ನಕ್ಕಳು. ಪಕ್ಕದಲ್ಲಿ ಕೂತಿದ್ದ ನನಗೆ ದಿಗಿಲು.

ಬೆಳಿಗ್ಗೆ ಅಜ್ಜ ಪಡಸಾಲೆಯಿಂದ ಕೂಗಿದ, ‘ಏ, ಚಾ ಎಲ್ಲಿ?’

ಒಳಗಿಂದ ಆಯಿ ಸತ್ಯಭಾಮೆಯ ರಾಗದಲ್ಲೇ ಅಂದಳು, ‘ರುಕ್ಮಿಣಿನ್ನ ಕೇಳ್ರಿ!’

ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಎದ್ದು ಅಡಿಗೆಮನೆಗೆ ಹೋದ.